ಸಾನ್‌ನಿಂದ ಸೆಂಪಾಯ್‌ವರೆಗೆ: ಜಪಾನಿನ ಗೌರವಸೂಚಕಗಳು ಮತ್ತು ಹಿರಿತನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಭಾಷೆ ಕಲಿಯುತ್ತಿರುವವರು, ಜಪಾನಿ ಕಂಪನಿಗೆ ಸೇರಿದವರು, ಓದಲು ಅಲ್ಲಿಗೆ ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಹುವಚನ ಕೊಟ್ಟು ಮಾತಾಡುವುದು ಕನ್ನಡಿಗರಿಗೆ ಹೊಸತೇನಲ್ಲ. ಆದರೆ ನಾವು ಎಡವುವುದೂ ಅದರಿಂದಲೇ. ನಮ್ಮಲ್ಲಿ ಗೌರವ ವ್ಯಕ್ತಿಗೆ ಅಂಟಿಕೊಂಡಿರುತ್ತದೆ; ಅಪ್ಪನ ಬಗ್ಗೆ ಯಾರ ಹತ್ತಿರ ಮಾತಾಡಿದರೂ 'ಬಂದಿದ್ದಾರೆ' ಎಂದೇ ಹೇಳುತ್ತೇವೆ. ಜಪಾನಿಯಲ್ಲಿ ಹಾಗಲ್ಲ. ಯಾರ ಬಗ್ಗೆ, ಯಾರ ಮುಂದೆ ಮಾತಾಡುತ್ತಿದ್ದೀರಿ ಎಂಬುದನ್ನು ನೋಡಿ ಅದೇ ವ್ಯಕ್ತಿಗೆ ಗೌರವ ಸೇರುತ್ತದೆ, ಇಲ್ಲವೇ ಕಳಚಿಕೊಳ್ಳುತ್ತದೆ.

ಎದುರಿನವರ ಬಗ್ಗೆ ಏನೂ ಗೊತ್ತಿಲ್ಲದಾಗ ಹೆಸರಿನ ಜೊತೆ ಏನು ಸೇರಿಸಬೇಕು?

ಸಾನ್. ಗಂಡು, ಹೆಣ್ಣು, ಮದುವೆಯಾದವರು, ಆಗದವರು, ಹಿರಿಯರು, ಕಿರಿಯರು, ಎಲ್ಲರಿಗೂ ನಡೆಯುತ್ತದೆ. ಕುಟುಂಬದ ಹೆಸರಿನ ನಂತರ ಬರುತ್ತದೆ: ತನಾಕಾ-ಸಾನ್. ಜಪಾನಿನ ರಾಷ್ಟ್ರೀಯ ಭಾಷಾ ಮಂಡಳಿ 1952ರಲ್ಲಿ ಯುದ್ಧಾನಂತರದ ಹೊಸ ಸಮಾಜಕ್ಕೆ ಸರಳ ಗೌರವಭಾಷೆ ಹೇಗಿರಬೇಕೆಂದು ಶಿಫಾರಸು ಮಾಡಿದಾಗ, ಮಾತಿನಲ್ಲಿ ಸಾನ್ ಅನ್ನೇ ಪ್ರಮಾಣವೆಂದು ಇಟ್ಟಿತು.

ಮನುಷ್ಯರಿಗಷ್ಟೇ ಅಲ್ಲ. ಪುಸ್ತಕದಂಗಡಿ 'ಹೊನ್ಯಾ-ಸಾನ್' ಆಗುತ್ತದೆ. ವ್ಯವಹಾರದ ಮಾತಿನಲ್ಲಿ ಎದುರು ಕಂಪನಿಯ ಹೆಸರಿಗೂ ಸಾನ್ ಸೇರಿಸುತ್ತಾರೆ. ಒಸಾಕಾ ಕಡೆಗೆ ಹೋದರೆ ಬಾಯಲ್ಲಿ ಚೀಪುವ ಪೆಪ್ಪರಮಿಂಟೂ 'ಅಮೆ-ಚಾನ್' (ಚಾನ್ ಎಂದರೆ ಸಾನ್‌ನ ಮುದ್ದಿನ ರೂಪ)!

ನನ್ನ ಹೆಸರು ಹೇಳುವಾಗ ನಾನೇ ಸಾನ್ ಸೇರಿಸಿಕೊಳ್ಳಬಹುದೇ?

ಕೂಡದು. 'ನಾನು ಮಂಜುನಾಥರು' ಎಂದು ನೀವೇ ಹೇಳಿಕೊಂಡಂತೆ ಕೇಳಿಸುತ್ತದೆ. ಇಡೀ ದಿನ ಎಲ್ಲರೂ ನಿಮ್ಮನ್ನು 'ಮಂಜು-ಸಾನ್' ಎಂದು ಕರೆಯುತ್ತಿದ್ದರೆ, ಫೋನ್ ಎತ್ತಿದಾಗ ಅದೇ ಬಾಯಿಗೆ ಬಂದುಬಿಡುತ್ತದೆ. ಬಿಡದಿ, ನರಸಾಪುರ ಕಡೆಯ ಜಪಾನಿ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಈ ಅಭ್ಯಾಸ ಬೇಗ ಅಂಟುತ್ತದೆ, ಎಚ್ಚರವಿರಲಿ.

ಹೊರಗಿನವರ ಫೋನಿಗೆ ಉತ್ತರಿಸುವಾಗ ನಮ್ಮ ವಿಭಾಗದ ಮುಖ್ಯಸ್ಥರನ್ನು 'ತನಾಕಾ-ಸಾನ್' ಅಂದೆ. ಪಕ್ಕದವರು ತಿದ್ದಿದರು. ಗೌರವ ಕೊಟ್ಟದ್ದೇ ತಪ್ಪೇ?

ಹೌದು, ಅಲ್ಲಿ ಅದೇ ತಪ್ಪು. ಈ ಇಡೀ ಪುಟದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜಪಾನಿಯಲ್ಲಿ 'ಉಚಿ' ಎಂದರೆ ಒಳಗಿನವರು, 'ಸೊತೊ' ಎಂದರೆ ಹೊರಗಿನವರು. ಹೊರಗಿನವರ ಜೊತೆ ಮಾತಾಡುವಾಗ ನಿಮ್ಮ ಕಂಪನಿಯವರೆಲ್ಲ, ಅಧ್ಯಕ್ಷರೂ ಸೇರಿ, 'ನಾನು' ಎಂಬುದರ ಒಳಗೇ ಬರುತ್ತಾರೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದಲ್ಲ, ಹಾಗಾಗಿ ಅವರನ್ನೂ ಎತ್ತರಿಸುವಂತಿಲ್ಲ. ಗಿರಾಕಿ ಫೋನ್ ಮಾಡಿ 'ತನಾಕಾ-ಸಾಮ ಇರಾಶ್ಶಾಯ್‌ಮಾಸು ಕಾ' (ತನಾಕಾ ಅವರು ಇದ್ದಾರೆಯೇ; ಸಾಮ ಎಂದರೆ ಸಾನ್‌ಗಿಂತ ಹೆಚ್ಚಿನ ಗೌರವ) ಎಂದು ಕೇಳಿದರೆ ಉತ್ತರ ಹೀಗಿರಬೇಕು: 'ತನಾಕಾ ವಾ ತದಾಯ್ಮಾ ಸೆಕಿ ಓ ಹಝುಶಿತೆ ಒರಿಮಾಸು', ಅಂದರೆ ತನಾಕಾ ಸದ್ಯ ಜಾಗದಲ್ಲಿಲ್ಲ. ಸಾನ್ ಹೋಯಿತು, 'ಇರಾಶ್ಶಾರು' ಎಂಬ ಗೌರವದ ಕ್ರಿಯಾಪದದ ಜಾಗಕ್ಕೆ 'ಒರು' ಎಂಬ ವಿನಯದ ಕ್ರಿಯಾಪದ ಬಂತು. ಹುದ್ದೆ ಹೇಳಲೇಬೇಕಾದರೆ ಹೆಸರಿನ ಮುಂಚೆ ಹೇಳಿ: 'ಬುಚೋ ನೊ ತನಾಕಾ' (ವಿಭಾಗದ ಮುಖ್ಯಸ್ಥ ತನಾಕಾ). ಹುದ್ದೆ ಹೆಸರಿನ ಹಿಂದೆ ಬಂದು 'ತನಾಕಾ ಬುಚೋ' ಆದರೆ ಅದು ಗೌರವ. ಮುಂಚೆ ಬಂದರೆ ಬರೀ ಮಾಹಿತಿ.

ಫೋನ್ ಇಟ್ಟ ಮರುಕ್ಷಣ ಅದೇ ತನಾಕಾ ನಿಮ್ಮ ಮೇಜಿನ ಬಳಿ ಬಂದರೆ ಮತ್ತೆ 'ತನಾಕಾ-ಸಾನ್' ಅಥವಾ 'ಬುಚೋ'. ಇನ್ನೂ ಒಂದು ಸುಳಿ ಇದೆ. ಫೋನ್ ಮಾಡಿದ್ದು ತನಾಕಾ ಅವರ ಹೆಂಡತಿಯಾಗಿದ್ದರೆ? ಆಕೆಗೆ ಅವರು ನಿಮಗಿಂತ ಹತ್ತಿರದವರು. ಆಗ ಸಾನ್ ಸೇರಿಸಿ, ಗೌರವದ ಕ್ರಿಯಾಪದವನ್ನೇ ಬಳಸಬೇಕು.

ಮನೆಯವರ ವಿಷಯಕ್ಕೂ ಇದೇ ಲೆಕ್ಕ. ನಿಮ್ಮ ತಂದೆಯ ಬಗ್ಗೆ ಹೊರಗಿನವರಿಗೆ ಹೇಳುವಾಗ 'ಚಿಚಿ', ತಾಯಿ 'ಹಹಾ', ಅಣ್ಣ 'ಅನಿ', ಅಕ್ಕ 'ಅನೆ'. ಬೇರೆಯವರ ತಂದೆ 'ಒತೋಸಾನ್', ತಾಯಿ 'ಒಕಾಸಾನ್'. ಮನೆಯೊಳಗೆ ಎದುರಾ ಎದುರು ನಿಮ್ಮ ತಂದೆಯನ್ನೂ 'ಒತೋಸಾನ್' ಎಂದೇ ಕರೆಯುತ್ತೀರಿ. ಕೊರಿಯನ್ ಭಾಷೆ ಇಲ್ಲಿ ಕನ್ನಡದ ಸಾಲಿಗೆ ಸೇರುತ್ತದೆ: ಹೊರಗಿನವರ ಮುಂದೆಯೂ ತಮ್ಮ ಮೇಲಧಿಕಾರಿಗೆ ಗೌರವ ಉಳಿಸಿಕೊಳ್ಳುತ್ತಾರೆ. ಜಪಾನಿಯಲ್ಲಿ ಮಾತ್ರ ಕಳಚಬೇಕು.

ಅಣ್ಣ-ತಮ್ಮ ಎಂದು ಬೇರೆ ಬೇರೆ ಪದ ಇರುವುದು ನಮ್ಮ ಹಾಗೇ ಅಲ್ಲವೇ?

ಅದೊಂದು ನಮಗೆ ಸುಲಭ. ಅಣ್ಣನನ್ನು 'ಒನೀಸಾನ್' ಎಂದು ಸಂಬಂಧ ಹಿಡಿದು ಕರೆಯುತ್ತಾರೆ, ತಮ್ಮನನ್ನು ಹೆಸರಿನಿಂದ. ತಮ್ಮನನ್ನು 'ತಮ್ಮ' ಎಂಬ ಅರ್ಥದ 'ಒತೋತೊ' ಎಂದು ಕರೆಯುವುದಿಲ್ಲ. ಮಗು ಹುಟ್ಟಿದ ಮೇಲೆ ಮನೆಯವರೆಲ್ಲ ಅದರ ಕಣ್ಣಿನಿಂದಲೇ ಒಬ್ಬರನ್ನೊಬ್ಬರು ಕರೆಯತೊಡಗುವುದೂ ಪರಿಚಿತವೇ: ತಾಯಿ ದೊಡ್ಡ ಮಗನನ್ನೇ 'ಒನೀಚಾನ್' ಅನ್ನುತ್ತಾಳೆ.

ಕುನ್, ಚಾನ್ ಯಾರಿಗೆ?

ಚಾನ್ ಮುದ್ದಿನದು: ಚಿಕ್ಕ ಮಕ್ಕಳು, ಅಜ್ಜಿ, ಆಪ್ತ ಗೆಳತಿ, ಬೆಕ್ಕು. ಕುನ್ ಸಾಮಾನ್ಯವಾಗಿ ಹುಡುಗರಿಗೆ, ಅಥವಾ ಮೇಲಿನವರು ಕೆಳಗಿನವರಿಗೆ. ಕಚೇರಿಯಲ್ಲಿ ಹಿರಿಯರು ಕಿರಿಯ ಹೆಂಗಸರನ್ನೂ ಕುನ್ ಎಂದು ಕರೆಯುವುದುಂಟು. ಕುನ್ ಯಾವತ್ತೂ ಮೇಲಕ್ಕೆ ಹತ್ತುವುದಿಲ್ಲ. ಸಹೋದ್ಯೋಗಿ ಹೆಣ್ಣುಮಗಳಿಗೆ ನೀವಾಗಿಯೇ ಚಾನ್ ಸೇರಿಸಬೇಡಿ. ಅದು ಸಲಿಗೆಯಾಗಿ ಕೇಳಿಸುತ್ತದೆ, ಕಿರುಕುಳದ ದೂರಿನವರೆಗೂ ಹೋದೀತು.

ಇದಕ್ಕೊಂದು ವಿಚಿತ್ರ ಅಪವಾದ ಜಪಾನಿನ ಸಂಸತ್ತು. ಅಲ್ಲಿ ಸಭಾಧ್ಯಕ್ಷರು ಪ್ರಧಾನಿಯನ್ನೂ 'ಕುನ್' ಎಂದೇ ಕರೆಯುವ ಸಂಪ್ರದಾಯವಿದೆ. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾದ ತಕಾಕೋ ದೋಯ್ 'ಸಾನ್' ಬಳಸಿ ಸುದ್ದಿಯಾದರು. ಅವರ ನಂತರ ಮತ್ತೆ ಕುನ್ ಬಂತು. ಶಾಲೆಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಹುಡುಗರಿಗೆ ಕುನ್, ಹುಡುಗಿಯರಿಗೆ ಸಾನ್ ಎಂಬ ಭೇದ ಬಿಟ್ಟು ಎಲ್ಲ ಮಕ್ಕಳನ್ನೂ ಸಾನ್ ಎಂದು ಕರೆಯುವ ಶಿಕ್ಷಕರು ಹೆಚ್ಚುತ್ತಿದ್ದಾರೆ.

ಸಾಮ ಎಲ್ಲಿ ಬೇಕು? ಪತ್ರದಲ್ಲಿ ಏನು ಬರೆಯಬೇಕು?

ಬಾಯಿಮಾತಿನಲ್ಲಿ ಸಾಮ ಗಿರಾಕಿಗೆ, ದೇವರಿಗೆ. ಬರವಣಿಗೆಯಲ್ಲಿ ಮಾತ್ರ ಎಲ್ಲರಿಗೂ: ಲಕೋಟೆ, ಪಾರ್ಸೆಲ್, ಇಮೇಲಿನ ಮೊದಲ ಸಾಲು, ಎಲ್ಲದರಲ್ಲೂ ಹೆಸರಿನ ನಂತರ ಸಾಮ. ಪತ್ರ ಒಬ್ಬ ವ್ಯಕ್ತಿಗಲ್ಲ, ಸಂಸ್ಥೆಗೋ ವಿಭಾಗಕ್ಕೋ ಆದರೆ 'ಒನ್‌ಚೂ'. ಎರಡನ್ನೂ ಒಟ್ಟಿಗೆ ಬಳಸಬೇಡಿ. ಕಂಪನಿ, ವಿಭಾಗ, ವ್ಯಕ್ತಿ ಮೂರೂ ಇದ್ದರೆ ಕೊನೆಯ ವ್ಯಕ್ತಿಯ ಹೆಸರಿಗೆ ಮಾತ್ರ ಸಾಮ ಸಾಕು. ಹಲವರಿಗೆ ಒಟ್ಟಿಗೆ ಬರೆಯುವಾಗ 'ಕಾಕುಯ್' ಎಂಬ ಪದವಿದೆ. ಅದರೊಳಗೇ ಗೌರವ ಇರುವುದರಿಂದ 'ಕಾಕುಯ್-ಸಾಮ' ಎಂದರೆ ಎರಡು ಸಲ ಆಯಿತು.

ನಿಜವಾಗಿ ಕೈ ನಡುಗುವುದು ಮದುವೆಯ ಉತ್ತರದ ಕಾರ್ಡ್ ಬಂದಾಗ. ಕಳಿಸಿದವರು ತಮ್ಮ ವಿಳಾಸವನ್ನು ತಾವೇ ಅಚ್ಚು ಹಾಕಿಸಿರುತ್ತಾರೆ. ತಮಗೆ ತಾವೇ ಸಾಮ ಬರೆದುಕೊಳ್ಳುವಂತಿಲ್ಲವಲ್ಲ, ಅದಕ್ಕೇ ಹೆಸರಿನ ಕೆಳಗೆ 'ಯುಕಿ' ಎಂಬ ಒಂದು ಅಕ್ಷರ ಇರುತ್ತದೆ, 'ಇವರಿಗೆ' ಎಂಬಷ್ಟೇ ಅರ್ಥ. ಅಂಚೆಗೆ ಹಾಕುವ ಮೊದಲು ನೀವು ಆ ಅಕ್ಷರದ ಮೇಲೆ ಎರಡು ಗೆರೆ ಎಳೆದು ಪಕ್ಕದಲ್ಲಿ 'ಸಾಮ' ಬರೆಯಬೇಕು. ಕಾರ್ಡ್ ತಿರುಗಿಸಿ. 'ಬರುತ್ತೇವೆ', 'ಬರುವುದಿಲ್ಲ' ಎಂಬ ಎರಡರ ಮುಂಚೆಯೂ 'ಗೊ' ಎಂಬ ಗೌರವದ ಅಕ್ಷರ ಅಚ್ಚಾಗಿದೆ, ಏಕೆಂದರೆ ಅದು ನಿಮ್ಮನ್ನು ಕುರಿತದ್ದು. ಬರುವುದಾದರೆ 'ಬರುತ್ತೇವೆ'ಯ 'ಗೊ' ಹೊಡೆದು ಉಳಿದದ್ದಕ್ಕೆ ಸುತ್ತು ಹಾಕಿ. 'ಬರುವುದಿಲ್ಲ' ಎಂಬುದನ್ನು ಪೂರ್ತಿ ಹೊಡೆಯಿರಿ. ವಿಳಾಸದ ಮುಂಚಿನ 'ಗೊ'ವನ್ನೂ ಹೊಡೆಯಿರಿ. ಹೆಸರಿನ ಜಾಗದಲ್ಲಿ 'ಗೊಹೋಮೇ' ಎಂದು ಮೂರು ಅಕ್ಷರಗಳಿರುತ್ತವೆ. ಅದರಲ್ಲಿ ಮೊದಲ ಎರಡೂ ಗೌರವದವೇ, ಎರಡನ್ನೂ ಹೊಡೆಯಬೇಕು. 'ಗೊ' ಮಾತ್ರ ಹೊಡೆದು 'ಹೋ' ಬಿಟ್ಟುಬಿಡುವುದು ಜಪಾನಿಯರೇ ಮಾಡುವ ತಪ್ಪು.

ಹುದ್ದೆಯ ಹೆಸರಿನ ಮೇಲೆ ಸಾನ್ ಬೇಕೇ?

ಬೇಡ. ಶಾಚೋ (ಅಧ್ಯಕ್ಷ), ಬುಚೋ (ವಿಭಾಗದ ಮುಖ್ಯಸ್ಥ), ಕಾಚೋ (ಅದರ ಕೆಳಗಿನ ಶಾಖೆಯ ಮುಖ್ಯಸ್ಥ), ಇವು ತಾವೇ ಗೌರವಸೂಚಕಗಳು. ಲಕೋಟೆಯ ಮೇಲೆ 'ಶಾಚೋ-ಸಾಮ' ಎಂದು ಬರೆಯುವುದು ತಪ್ಪು. ಈಚೆಗೆ ಹುದ್ದೆ ಬಿಟ್ಟು ಎಲ್ಲರನ್ನೂ ಸಾನ್ ಎಂದು ಕರೆಯಬೇಕೆಂದು ನಿಯಮ ಮಾಡಿರುವ ಕಂಪನಿಗಳೂ ಇವೆ. ಮೊದಲ ವಾರ ಕಿವಿ ತೆರೆದಿಟ್ಟು, ಉಳಿದವರು ಹೇಗೆ ಕರೆಯುತ್ತಾರೋ ಹಾಗೆ ಕರೆಯಿರಿ.

ಸೆನ್ಸೇ ಎಂದರೆ ಮೇಷ್ಟ್ರು ತಾನೇ?

ಮೇಷ್ಟ್ರು ಮಾತ್ರವಲ್ಲ. ವೈದ್ಯರು, ವಕೀಲರು, ರಾಜಕಾರಣಿಗಳು, ಲೇಖಕರು, ಮಾಂಗಾ (ಜಪಾನಿ ಕಾಮಿಕ್ಸ್) ಚಿತ್ರಕಾರರು, ಎಲ್ಲರೂ ಸೆನ್ಸೇ. ಅದೂ ಹೆಸರಿನ ನಂತರ ಬರುತ್ತದೆ, ಮುಂಚೆಯಲ್ಲ. ನಮ್ಮ ಊರುಗಳ ಕರಾಟೆ ಶಾಲೆಗಳ ಫಲಕಗಳಲ್ಲಿ ಹೆಸರಿನ ಮುಂಚೆ ಹಾಕಿ, ಕಲಿಸುವವರು ತಮ್ಮನ್ನು ತಾವೇ 'ಸೆನ್ಸೇ' ಎಂದು ಪರಿಚಯಿಸಿಕೊಳ್ಳುವುದುಂಟು. ಜಪಾನಿನಲ್ಲಿ ಅದು ನಗೆಪಾಟಲು. ಕಲಿಸುವವರು ತಮ್ಮ ವೃತ್ತಿ ಹೇಳುವಾಗ ಬಳಸುವ ಪದ 'ಕ್ಯೋಶಿ'.

ಸೆಂಪಾಯ್ ಎಂದರೆ ವಯಸ್ಸಿನಲ್ಲಿ ದೊಡ್ಡವರೇ?

ಮೊದಲು ಬಂದವರು. ವಯಸ್ಸಲ್ಲ, ಜಾಣತನವಲ್ಲ, ಹುದ್ದೆಯೂ ಅಲ್ಲ. ಆ ಬಾಗಿಲಿನಿಂದ ಯಾರು ಮೊದಲು ಒಳಗೆ ಕಾಲಿಟ್ಟರು ಎಂಬುದಷ್ಟೇ. ನಂತರ ಬಂದವರು 'ಕೋಹಾಯ್', ಜೊತೆಗೇ ಬಂದವರು 'ದೋಕಿ'. ಸೆಂಪಾಯ್ ಎಂದು ಕರೆಯಬಹುದು. 'ಕೋಹಾಯ್' ಎಂದು ಯಾರನ್ನೂ ಕರೆಯುವುದಿಲ್ಲ. ಕಚೇರಿಯಲ್ಲಿ ಬಾಯಿತುಂಬ ಸೆಂಪಾಯ್ ಎನ್ನುವುದೂ ಕಡಿಮೆ, ಅಲ್ಲಿ ಸಾನ್ ಸಾಕು. ಕಾರ್ಟೂನು ನೋಡಿ ಜಪಾನಿ ಕಲಿತವರು ಇಲ್ಲೇ ಮುಗ್ಗರಿಸುವುದು.

ಈ ಲೆಕ್ಕ ಇಷ್ಟು ಕರಾರುವಾಕ್ಕಾಗಿ ನಡೆಯಲು ಏಪ್ರಿಲ್ ಕಾರಣ. ಶಾಲಾ ವರ್ಷ ಏಪ್ರಿಲ್ 1ಕ್ಕೆ ಶುರು. ಓದು ಮುಗಿಸಿದವರನ್ನು ದೊಡ್ಡ ಕಂಪನಿಗಳು ಒಟ್ಟಿಗೆ ಸೇರಿಸಿಕೊಳ್ಳುವುದೂ ಅದೇ ದಿನ. ಹಾಗಾಗಿ ಜನರು ವರ್ಷ ವರ್ಷದ ಪದರಗಳಾಗಿ ಕೂಡುತ್ತಾರೆ. ಒಂದು ತರಗತಿಯಲ್ಲಿರುವವರು ಏಪ್ರಿಲ್ 2ರಿಂದ ಮುಂದಿನ ವರ್ಷದ ಏಪ್ರಿಲ್ 1ರೊಳಗೆ ಹುಟ್ಟಿದವರು. ಏಪ್ರಿಲ್ 1ಕ್ಕೆ ಹುಟ್ಟಿದ ಮಗು ಹಿಂದಿನ ಗುಂಪಿಗೆ ಏಕೆ ಹೋಗುತ್ತದೆ? 1902ರ ವಯೋಗಣನೆಯ ಕಾನೂನಿನ ಪ್ರಕಾರ ಹುಟ್ಟಿದ ದಿನವನ್ನೂ ಎಣಿಸಬೇಕು. ಆಗ ವಯಸ್ಸು ತುಂಬುವುದು ಹುಟ್ಟುಹಬ್ಬದ ಹಿಂದಿನ ದಿನ ಮುಗಿಯುವಾಗ. ಆ ಮಗುವಿಗೆ ಮಾರ್ಚ್ 31ಕ್ಕೇ ಆರು ತುಂಬಿ, ಮರುದಿನ ಶಾಲೆಗೆ ಅರ್ಹವಾಗುತ್ತದೆ. ಒಂದು ದಿನ ತಡವಾಗಿ ಹುಟ್ಟಿದ ಮಗು ಜೀವನಪೂರ್ತಿ ಅದರ ಕೋಹಾಯ್.

ಇದು ಬೇರೂರುವುದು ಮಾಧ್ಯಮಿಕ ಶಾಲೆಯ ಆಟದ, ಸಂಗೀತದ ಕೂಟಗಳಲ್ಲಿ, ಅಂದರೆ 'ಬುಕಾತ್ಸು'ಗಳಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದ ಪಕ್ಕದ ಮನೆಯ ಹುಡುಗನನ್ನು, ಹನ್ನೆರಡನೇ ವಯಸ್ಸಿನಲ್ಲಿ ಮಾಧ್ಯಮಿಕ ಶಾಲೆ ಸೇರಿದ ದಿನದಿಂದ 'ಸೆಂಪಾಯ್' ಎಂದು ಕರೆದು, ವಾಕ್ಯದ ಕೊನೆಗೆ 'ದೆಸು', 'ಮಾಸು' ಎಂಬ ವಿನಯದ ರೂಪ ಸೇರಿಸಬೇಕಾಗುತ್ತದೆ. ಮೊದಲ ವರ್ಷದವರು ಚೆಂಡು ಹೆಕ್ಕುವುದು, ಮೈದಾನ ಸಮ ಮಾಡುವುದು, ಸಾಮಾನು ಒಳಗಿಡುವುದು ವಾಡಿಕೆ.

ನನ್ನ ಸೆಂಪಾಯ್ ನನಗಿಂತ ಐದು ವರ್ಷ ಚಿಕ್ಕವನು. ಹೇಗೆ ಮಾತಾಡಲಿ?

ಇಬ್ಬರೂ ಸಾನ್, ಇಬ್ಬರೂ ದೆಸು-ಮಾಸು. ಅವನು ಸಲಿಗೆಯ ಮಾತಿಗೆ ಇಳಿದರೂ ನೀವು ಇಳಿಯಬೇಡಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವವರು ಹೆಚ್ಚಾದಂತೆ ಕಿರಿಯ ಮೇಲಧಿಕಾರಿ, ಹಿರಿಯ ನೌಕರ ಎಂಬ ಜೋಡಿ ಈಗ ಅಪರೂಪವಲ್ಲ. ಅಲ್ಲೂ ಇದೇ ಪರಿಹಾರ.

ಸೆಂಪಾಯ್‌ಗೆ ಬರೀ ಅಧಿಕಾರವೇ? ಕೊಡುವುದು ಏನೂ ಇಲ್ಲವೇ?

ಇದೆ, ಅದನ್ನು ಹೊರಗಿನವರು ಗಮನಿಸುವುದೇ ಇಲ್ಲ. ಕೆಲಸ ಕಲಿಸುವುದು, ಕೋಹಾಯ್ ಮಾಡಿದ ತಪ್ಪಿಗೆ ಜೊತೆಗೆ ನಿಂತು ತಲೆಬಾಗಿಸುವುದು, ಊಟದ ಬಿಲ್ಲಿನಲ್ಲಿ ಹೆಚ್ಚು ಹಾಕುವುದು. ಹಾಸ್ಯ ಕಲಾವಿದರ ಲೋಕದಲ್ಲಂತೂ ರಂಗಕ್ಕೆ ಮೊದಲು ಬಂದವರೇ ಬಿಲ್ ಕೊಡಬೇಕು, ಕೋಹಾಯ್ ಎಷ್ಟೇ ಹೆಚ್ಚು ದುಡಿಯುತ್ತಿರಲಿ. ಉಣ್ಣಿಸಿಕೊಂಡವರು ಅಲ್ಲೇ 'ಗೊಚಿಸೋಸಾಮ' ಎಂದು, ಮರುದಿನ ಸಿಕ್ಕಾಗ ಮತ್ತೊಮ್ಮೆ ನೆನೆಯಬೇಕು. ಆ ಎರಡನೆಯ ಧನ್ಯವಾದ ಮರೆತವರನ್ನು ಮೌನವಾಗಿ ಗುರುತಿಟ್ಟುಕೊಳ್ಳುತ್ತಾರೆ.

ಹಿರಿತನದ ಹೆಸರಿನಲ್ಲಿ ಬೈಯುವುದು, ಬೇಕೆಂದೇ ದೂರ ಇಡುವುದು 'ಪವಾಹಾರಾ' (ಪವರ್ ಹರಾಸ್‌ಮೆಂಟ್, ಅಂದರೆ ಅಧಿಕಾರ ಬಳಸಿ ಕಿರುಕುಳ) ಆಗುತ್ತದೆ. ಇದನ್ನು ತಡೆಯುವ ಕ್ರಮ ಕೈಗೊಳ್ಳುವುದು ದೊಡ್ಡ ಕಂಪನಿಗಳಿಗೆ ಜೂನ್ 2020ರಿಂದ, ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಏಪ್ರಿಲ್ 2022ರಿಂದ ಕಾನೂನಿನ ಹೊಣೆ. ದೂರು ಕೊಡುವ ವಿಭಾಗ ಯಾವುದೆಂದು ಸೇರಿದ ದಿನವೇ ಕೇಳಿಟ್ಟುಕೊಳ್ಳಿ.

ಕೇಗೋದಲ್ಲಿ ಎಷ್ಟು ಬಗೆ?

ಕೇಗೋ ಎಂದರೆ ಗೌರವಭಾಷೆ. ಶಾಲೆಯ ಲೆಕ್ಕದಲ್ಲಿ ಮೂರು: ಎದುರಿನವರನ್ನು ಎತ್ತುವ ಸೊನ್‌ಕೇಗೋ, ನಮ್ಮನ್ನು ತಗ್ಗಿಸುವ ಕೆಂಜೋಗೋ, ದೆಸು-ಮಾಸುವಿನ ತೇನೇಗೋ. 2007ರಲ್ಲಿ ಸಾಂಸ್ಕೃತಿಕ ವ್ಯವಹಾರಗಳ ಮಂಡಳಿ ಇದನ್ನು ಐದು ಮಾಡಿತು. ಕೆಂಜೋಗೋ ಎರಡಾಗಿ ಒಡೆಯಿತು, 'ಒಚಾ' (ಚಹಾ) ಎಂಬಂಥ ಅಲಂಕಾರದ ಮಾತುಗಳು ಬೇರೆಯಾದವು.

ಕೆಂಜೋಗೋ ಒಡೆದದ್ದು ಸುಮ್ಮನೆ ಅಲ್ಲ. 'ಹೋಗುತ್ತೇನೆ' ಎನ್ನಲು ವಿನಯದ ಪದ ಎರಡಿವೆ: ಉಕಾಗೌ, ಮಾಯ್ರು. ಉಕಾಗೌ ಎಂದರೆ ಹೋಗುವ ಜಾಗದವರಿಗೆ ಗೌರವ. ಮಾಯ್ರು ಎಂದರೆ ಕೇಳುತ್ತಿರುವವರಿಗೆ. 'ಸೆನ್ಸೇ ಮನೆಗೆ ಹೋಗುತ್ತೇನೆ' ಎಂದು ಹೇಳಲು ಎರಡೂ ಸರಿ. 'ನನ್ನ ತಮ್ಮನ ಮನೆಗೆ ಹೋಗುತ್ತೇನೆ' ಎಂಬುದಕ್ಕೆ ಮಾಯ್ರು ಮಾತ್ರ. ಉಕಾಗೌ ಎಂದರೆ ನಿಮ್ಮ ತಮ್ಮನನ್ನೇ ಎತ್ತಿ ಕೂರಿಸಿದಂತೆ.

ಕಲಿಯುವವರು ಹೆಚ್ಚಾಗಿ ಮಾಡುವ ತಪ್ಪು ದಿಕ್ಕು ತಿರುವುವುದು. ತಿನ್ನುವುದಕ್ಕೆ ನಮ್ಮ ಕಡೆ ಇತದಾಕು, ಅವರ ಕಡೆ ಮೆಶಿಆಗಾರು. ನೋಡುವುದಕ್ಕೆ ನಮ್ಮದು ಹಾಯ್ಕೆನ್, ಅವರದು ಗೊರಾನ್. ಹೇಳುವುದಕ್ಕೆ ನಮ್ಮದು ಮೋಸು, ಅವರದು ಒಶ್ಶಾರು. ಅತಿಥಿಗೆ 'ಇತದಾಯ್ತೆ ಕುದಾಸಾಯ್' ಎಂದರೆ 'ವಿನಯದಿಂದ ತಿನ್ನಿ' ಎಂದು ಅಪ್ಪಣೆ ಮಾಡಿದ ಹಾಗೆ. 'ಮೆಶಿಆಗಾತ್ತೆ ಕುದಾಸಾಯ್' ಎನ್ನಬೇಕು. ಎರಡನೆಯ ತಪ್ಪು ಗೌರವದ ಮೇಲೆ ಗೌರವ ಪೇರಿಸುವುದು. ಒಶ್ಶಾರು ಆಗಲೇ ಗೌರವದ ರೂಪ, ಅದನ್ನು 'ಒಶ್ಶಾರಾರೆರು' ಮಾಡಬೇಡಿ. ಇಷ್ಟೆಲ್ಲ ಬಾಯಿಗೆ ಬರುವವರೆಗೆ ದೆಸು-ಮಾಸು ಗಟ್ಟಿಯಾಗಿದ್ದರೆ ಸಾಕು; ಅರ್ಧಂಬರ್ಧ ಕೇಗೋಗಿಂತ ಶುದ್ಧ ತೇನೇಗೋ ಎಷ್ಟೋ ಮೇಲು.

ಒಳ್ಳೆಯ ಮಾತೆಂದು ಹೇಳಿದರೂ ಮೇಲಿನವರಿಗೆ ಚುಚ್ಚುವಂಥವು ಯಾವುವು?

'ಗೊಕುರೋಸಾಮ' (ಶ್ರಮಪಟ್ಟಿರಿ) ಮೇಲಿನಿಂದ ಕೆಳಕ್ಕೆ ಹೇಳುವ ಮಾತು. ಮೇಲಧಿಕಾರಿಗೆ 'ಒತ್ಸುಕಾರೆಸಾಮ ದೆಸು' ಎನ್ನಿ. 'ಆಯಿತು' ಎಂಬುದಕ್ಕೆ 'ರ್ಯೋಕಾಯ್' ಗೆಳೆಯರಲ್ಲಿ ಸಾಕು. ಮೇಲಿನವರಿಗೆ 'ಶೋಚಿ ಶಿಮಾಶಿತ', ಗಿರಾಕಿಗೆ 'ಕಾಶಿಕೊಮಾರಿಮಾಶಿತ'. 'ಅನಾತಾ' ಎಂದರೆ 'ನೀವು' ಎಂದು ಪಠ್ಯಪುಸ್ತಕ ಹೇಳುತ್ತದೆ, ಆದರೆ ಹೆಸರು ಗೊತ್ತಿರುವವರಿಗೆ ಹಾಗೆನ್ನುವುದು ಒರಟು. ಹೆಸರು ಮತ್ತು ಸಾನ್ ಬಳಸಿ, ಇಲ್ಲವೇ ಕರ್ತೃಪದವನ್ನೇ ಬಿಟ್ಟುಬಿಡಿ.

ಬರೀ ಹೆಸರು ಹಿಡಿದು ಕರೆಯುವುದು ಯಾವಾಗ?

ಅದಕ್ಕೆ 'ಯೋಬಿಸುತೆ' ಎನ್ನುತ್ತಾರೆ, 'ಕರೆದು ಬಿಸಾಡುವುದು' ಎಂಬ ಅಕ್ಷರಾರ್ಥ. ಮನೆಯ ಮಕ್ಕಳು, ಆಪ್ತ ಗೆಳೆಯರು, ಪ್ರೀತಿಸುವವರು, ಜೊತೆಗೆ ಒರಟು ತರಬೇತುದಾರರು. ಎದುರಿನವರೇ 'ಹಾಗೆ ಕರೆಯಿರಿ' ಎನ್ನುವವರೆಗೆ ಮುಟ್ಟಬೇಡಿ. ಒಂದು ಕಾಲಕ್ಕೆ ಬಂಧಿತರ ಹೆಸರನ್ನು ಪತ್ರಿಕೆಗಳು ಹೀಗೇ ಬರೆಯುತ್ತಿದ್ದವು. 1989ರ ಸುಮಾರಿಗೆ ಅದನ್ನು ಬಿಟ್ಟು ಹೆಸರಿನ ನಂತರ 'ಯೋಗಿಶಾ' (ಶಂಕಿತ) ಸೇರಿಸತೊಡಗಿದವು. ಸಾನ್ ಕೊಡಲೂ ಆಗದು, ಬಿಡಲೂ ಆಗದು ಎಂಬ ಇಕ್ಕಟ್ಟಿಗೆ ಅದೇ ದಾರಿ.

ಅರಮನೆ, ಸುಮೋ ಇಂಥ ಕಡೆ?

ಚಕ್ರವರ್ತಿ, ಸಾಮ್ರಾಜ್ಞಿ, ರಾಜಮಾತೆಯರಿಗೆ 'ಹೇಕಾ', ಉಳಿದ ರಾಜವಂಶದವರಿಗೆ 'ದೆಂಕಾ'. ಇದು 1947ರ ಅರಮನೆ ಕಾನೂನಿನಲ್ಲಿದೆ. ಸುಮೋದ ಮೇಲಿನ ಎರಡು ದರ್ಜೆಯ ಮಲ್ಲರಿಗೆ 'ಝೆಕಿ', ಅಖಾಡದ ಗುರುವಿಗೆ 'ಒಯಾಕಾತಾ'.

ಕುಳಿತುಕೊಳ್ಳುವ ಜಾಗಕ್ಕೂ ಹಿರಿತನ ಇದೆಯಂತೆ?

ಬಾಗಿಲಿನಿಂದ ದೂರದ್ದು ಕಾಮಿಝಾ, ಹಿರಿಯರದು. ಬಾಗಿಲ ಬಳಿಯದು ಶಿಮೋಝಾ, ನಿಮ್ಮದು. ಟ್ಯಾಕ್ಸಿಯಲ್ಲಿ ಚಾಲಕನ ಹಿಂದಿನ ಸೀಟು ಮೇಲು, ಚಾಲಕನ ಪಕ್ಕದ್ದು ಕೊನೆಯದು. ದಾರಿ ಹೇಳಿ ದುಡ್ಡು ಕೊಡುವ ಕೆಲಸ ಅಲ್ಲಿ ಕೂತವರದು. ಆದರೆ ಮೇಲಧಿಕಾರಿಯೇ ತಮ್ಮ ಕಾರು ಓಡಿಸುತ್ತಿದ್ದರೆ ಲೆಕ್ಕ ತಿರುಗುತ್ತದೆ, ಅವರ ಪಕ್ಕದ ಸೀಟೇ ಗೌರವದ್ದು. ಎಲ್ಲರೂ ಹಿಂದೆ ಕೂತು ಅವರನ್ನು ಡ್ರೈವರ್ ಮಾಡಬೇಡಿ.

ಇನಿಷಿಯಲ್ ಇರುವ ನಮ್ಮ ಹೆಸರಿಗೆ ಸಾನ್ ಎಲ್ಲಿ ಸೇರುತ್ತದೆ?

ಇದು ನಮ್ಮವರಿಗೇ ವಿಶೇಷವಾದ ತೊಂದರೆ. ಪಾಸ್‌ಪೋರ್ಟಿನ ಕುಟುಂಬನಾಮದ ಕಾಲಮ್ಮಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆಸಿದ್ದರೆ, ಜಪಾನಿನ ಆಸ್ಪತ್ರೆ, ಬ್ಯಾಂಕು, ಕಚೇರಿ ಎಲ್ಲ ಕಡೆ ಅದಕ್ಕೇ ಸಾಮ, ಸಾನ್ ಸೇರುತ್ತದೆ. 'ಹೊಸಹಳ್ಳಿ-ಸಾಮ' ಎಂದು ಕೂಗಿದಾಗ ಮಂಜುನಾಥ ಸುಮ್ಮನೆ ಕೂತಿರುತ್ತಾರೆ, ಸರದಿ ದಾಟಿಹೋಗುತ್ತದೆ. ಕಚೇರಿಯಲ್ಲಿ ಮೊದಲ ದಿನವೇ ಹೇಳಿಬಿಡಿ: 'ಮಂಜುನಾಥ ತೊ ಯೊಂದೆ ಕುದಾಸಾಯ್' (ಮಂಜುನಾಥ ಎಂದು ಕರೆಯಿರಿ). ನೀವು ಸಾನ್ ಸೇರಿಸುವುದಿಲ್ಲ, ಅವರೇ ಸೇರಿಸುತ್ತಾರೆ. ಹೆಸರಿನ ಕತಾಕಾನಾ (ವಿದೇಶಿ ಹೆಸರು ಬರೆಯುವ ಜಪಾನಿ ಲಿಪಿ) ರೂಪವನ್ನು ಒಮ್ಮೆ ನಿರ್ಧರಿಸಿ, ಬ್ಯಾಂಕು, ಫೋನು, ಬಾಡಿಗೆ ಕರಾರು ಎಲ್ಲದರಲ್ಲೂ ಒಂದೇ ಇರುವಂತೆ ನೋಡಿಕೊಳ್ಳಿ. ಒಂದು ದೀರ್ಘದ ಗೆರೆ ಹೆಚ್ಚುಕಡಿಮೆಯಾದರೂ ಹಣದ ವರ್ಗಾವಣೆ ನಿಲ್ಲಬಹುದು.

ವಿದೇಶಿಯರ ತಪ್ಪನ್ನು ಮನ್ನಿಸುತ್ತಾರಲ್ಲ, ಇಷ್ಟೆಲ್ಲ ಬೇಕೇ?

ಕ್ರಿಯಾಪದ ತಪ್ಪಿದರೆ ಮನ್ನಿಸುತ್ತಾರೆ, ನಕ್ಕು ಮೆಚ್ಚುವುದೂ ಉಂಟು. ಆದರೆ ಗಿರಾಕಿಯ ಹೆಸರಿಗೆ ಸಾನ್, ಸಾಮ ಬಿಟ್ಟುಹೋದರೆ, ಅದರಲ್ಲೂ ಇಮೇಲಿನಲ್ಲಿ, ಮನ್ನಿಸುವುದಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಕಳಿಸುವ ಗುಂಡಿ ಒತ್ತುವ ಮೊದಲು ಮೊದಲ ಸಾಲನ್ನು ಮತ್ತೊಮ್ಮೆ ಓದಿ: ಕಂಪನಿ, ವಿಭಾಗ, ಹೆಸರು, ಸಾಮ.